ಸೇನೆಯ ಪುಸ್ತಕದಲ್ಲಿ ಹೆಸರಿರುವ ನನ್ನ ಮಗಳನ್ನು ಭಾರತೀಯಳೆಂದು ಒಪ್ಪಿಕೊಳ್ಳಿ: ಮೂರು ಸಚಿವಾಲಯಗಳಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಗೃಹ ಸಚಿವಾಲಯ, ರಕ್ಷಣಾ ಸಚಿವಾಲಯ ಮತ್ತು ವಿದೇಶಾಂಗ ಸಚಿವಾಲಯ ಇವರಿಗೆ,

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಒಬ್ಬ ನಿವೃತ್ತ ಸುಬೇದಾರ್. 1980ರ ದಶಕದ ಮೊದಲಲ್ಲಿ ಸೇನೆ ನನ್ನನ್ನು ಭೂತಾನಿಗೆ ಪೋಸ್ಟಿಂಗ್ ಮಾಡಿತು. ಅಲ್ಲಿ 1962ರಿಂದ ಇಂಡಿಯನ್ ಮಿಲಿಟರಿ ಟ್ರೈನಿಂಗ್ ಟೀಮ್ ಇದೆ. ನಾವು ಅದನ್ನು ‘ಇಮ್‌ಟ್ರಾಟ್’ ಅಂತ ಕರೆಯುತ್ತೇವೆ. ಅದರ ಮುಖ್ಯ ಠಾಣೆ ಪಶ್ಚಿಮ ಭೂತಾನಿನ ಹಾ ಕಣಿವೆಯಲ್ಲಿ. ಭೂತಾನಿನ ಸೈನಿಕರಿಗೆ ತರಬೇತಿ ಕೊಡುವುದು ನಮ್ಮ ಕೆಲಸ. ಫ್ಯಾಮಿಲಿ ಕರೆದುಕೊಂಡು ಹೋಗಬಹುದಾದ ಪೋಸ್ಟಿಂಗ್ ಅದು. ನನ್ನ ಹೆಂಡತಿಯೂ ಬಂದಳು. 1981ರ ಚಳಿಗಾಲದಲ್ಲಿ ನಮ್ಮ ಮಗಳು ಅಲ್ಲೇ ಹುಟ್ಟಿದಳು. ಹೆರಿಗೆ ಮಾಡಿಸಿದವರು ನಮ್ಮ ಸೇನೆಯ ಡಾಕ್ಟರೇ.

ಆ ಮಗಳು ಭಾರತೀಯಳು ಅನ್ನುವುದಕ್ಕೆ ದಾಖಲೆ ಏನಿದೆ ಅಂತ ಈಗ ಕೇಳುತ್ತಿದ್ದಾರೆ. ದಾಖಲೆ ಇದೆ. ಅದು ಇರುವುದು ನಿಮ್ಮದೇ ಕಪಾಟಿನಲ್ಲಿ. ಅವಳು ಹುಟ್ಟಿದ ಕೆಲವೇ ವಾರಗಳಲ್ಲಿ ಸರ್ಕಾರ ತನ್ನ ಕೈಯಾರೆ ಬರೆದುಕೊಂಡ ದಾಖಲೆ ಅದು. ಅದನ್ನು ಸರ್ಕಾರದ ಎಲ್ಲ ಕಚೇರಿಗಳೂ ಒಪ್ಪಬೇಕು. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಅಷ್ಟೇ.

ಸೇನೆಯಲ್ಲಿ ಇದ್ದವರಿಗೆ ಪಾರ್ಟ್ ಟು ಆರ್ಡರ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಸೈನಿಕನ ಜೀವನದಲ್ಲಿ ಏನು ಬದಲಾದರೂ ಯೂನಿಟ್ ಅದನ್ನು ಆದೇಶವಾಗಿ ಹೊರಡಿಸುತ್ತದೆ. ರಜೆ, ಬಡ್ತಿ, ಕೋರ್ಸ್, ಮದುವೆ, ಮಗು, ಎಲ್ಲವನ್ನೂ. ಅದಕ್ಕೆ ಕಮಾಂಡಿಂಗ್ ಆಫೀಸರ್ ಪರವಾಗಿ ಸಹಿ ಬೀಳುತ್ತದೆ. ರೆಕಾರ್ಡ್ಸ್ ಆಫೀಸಿಗೆ ಹೋಗುತ್ತದೆ, ಸಂಬಳದ ಲೆಕ್ಕ ನೋಡುವವರಿಗೂ ಹೋಗುತ್ತದೆ. ಭತ್ಯೆ ಬರುವುದು ಅದರ ಆಧಾರದ ಮೇಲೆ. ಮಿಲಿಟರಿ ಆಸ್ಪತ್ರೆಯಲ್ಲಿ ಮಗುವಿಗೆ ಚಿಕಿತ್ಸೆ ಸಿಗುವುದೂ ಅದರ ಆಧಾರದ ಮೇಲೆ. ನಾಳೆ ಸೈನಿಕ ಸತ್ತರೆ ಪಿಂಚಣಿ ಯಾರಿಗೆ ಅನ್ನುವುದನ್ನೂ ಅದೇ ಹೇಳುತ್ತದೆ. ಸುಳ್ಳು ಬರೆಸಿದರೆ ಕೋರ್ಟ್ ಮಾರ್ಷಲ್ ಆಗುವಷ್ಟು ಗಂಭೀರ ಕಾಗದ ಅದು.

ನನ್ನ ಮಗಳದ್ದೂ ಇದೆ. ರೆಕಾರ್ಡ್ಸ್‌ಗೆ ಪತ್ರ ಬರೆದು ದೃಢೀಕೃತ ನಕಲು ತರಿಸಿಕೊಂಡೆ. ಅವರು ತಕರಾರಿಲ್ಲದೆ ಕಳಿಸಿಕೊಟ್ಟರು, ಅದಕ್ಕೆ ನಾನು ಋಣಿ. ಸೈಕ್ಲೋಸ್ಟೈಲ್ ಮಾಡಿದ ಹಳೇ ಹಾಳೆಯ ಜೆರಾಕ್ಸ್. ನನ್ನ ನಂಬರ್, ರ‍್ಯಾಂಕ್, ಹೆಸರು. ಅದರ ಕೆಳಗೆ ಎರಡೇ ಸಾಲು: ಹೆಣ್ಣು ಮಗು ಜನನ, ತಾರೀಕು, ತಾಯಿಯ ಹೆಸರು, ಸ್ಥಳ ಹಾ, ಭೂತಾನ್, ಡಾಕ್ಟರ್ ಸರ್ಟಿಫಿಕೇಟಿನ ಸಂಖ್ಯೆ. ಮೂಲೆಯಲ್ಲಿ ದುಂಡು ಸೀಲು, ಅಶೋಕ ಸ್ತಂಭ. ನಿವೃತ್ತಿಯಾಗುವಾಗ ಸೇನೆ ಕೊಟ್ಟ ನನ್ನ ಡಿಸ್ಚಾರ್ಜ್ ಬುಕ್‌ನಲ್ಲೂ ಮಕ್ಕಳ ಪುಟದಲ್ಲಿ ಅವಳ ಹೆಸರು, ಅದೇ ತಾರೀಕು.

ಮಗಳು ಓದಿ ನರ್ಸ್ ಆದಳು. ಖಾಸಗಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದಳು. ಒಮಾನಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಗುವಂತಾಯಿತು. ಅದುವರೆಗೆ ಅವಳಿಗೆ ಪಾಸ್‌ಪೋರ್ಟ್ ಬೇಕಾಗಿರಲಿಲ್ಲ. ಅರ್ಜಿ ಹಾಕಿದಳು. ಹುಟ್ಟಿದ ಸ್ಥಳ ಭಾರತದ ಹೊರಗೆ ಅಂತ ತುಂಬಿಸಿದಾಗಲೇ ದಾರಿ ಬೇರೆಯಾಯಿತು. ಪೌರತ್ವ ಹೇಗೆ ಬಂದದ್ದು ಅಂತ ಅರ್ಜಿ ಕೇಳುತ್ತದೆ. ಹುಟ್ಟಿನಿಂದಲೋ, ತಂದೆ ತಾಯಿಯ ಮೂಲಕವೋ, ನೋಂದಣಿಯಿಂದಲೋ? ಅವಳು ಕಾನೂನಿನ ಪ್ರಕಾರ ಸರಿಯಾದದ್ದನ್ನೇ, ತಂದೆ ತಾಯಿಯ ಮೂಲಕ ಅಂತಲೇ ಗುರುತು ಹಾಕಿದಳು.

ಪಾಸ್‌ಪೋರ್ಟ್ ಕಚೇರಿಯ ಕೊನೆಯ ಕೌಂಟರಿನಲ್ಲಿ ಕೂತಿದ್ದ ಅಧಿಕಾರಿ ಒಳ್ಳೆಯ ಮನುಷ್ಯರೇ. ದನಿ ಎತ್ತಲಿಲ್ಲ. ‘ಅಂಕಲ್, ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಿದ ಪ್ರಮಾಣಪತ್ರ ಕೊಡಿ’ ಅಂದರು. ಇಲ್ಲ ಅಂದೆ. ‘ಹಾಗಾದ್ರೆ ನೀವು ಆಗ ಅಲ್ಲಿ ಇದ್ದಿದ್ದಕ್ಕೆ ನಿಮ್ಮ ಪಾಸ್‌ಪೋರ್ಟ್, ವೀಸಾ ತೋರಿಸಿ’ ಅಂದರು. ಅದೂ ಇಲ್ಲ. ಭಾರತೀಯರಿಗೆ ಭೂತಾನಿಗೆ ಹೋಗಲು ವೀಸಾ ಬೇಕಿಲ್ಲ, ಪಾಸ್‌ಪೋರ್ಟೇ ಆಗಬೇಕು ಅಂತಲೂ ಇಲ್ಲ. ನಾವು ಗಡಿಯ ಫುಂಟ್‌ಶೋಲಿಂಗ್ ಗೇಟು ದಾಟಿದ್ದು ಸೇನೆಯ ಗಾಡಿಯಲ್ಲಿ, ಸೇನೆಯ ಗುರುತಿನ ಚೀಟಿ ತೋರಿಸಿ. ಪ್ರಯಾಣಕ್ಕೆ ಸೇನೆ ಕೊಡುವ ಮೂವ್‌ಮೆಂಟ್ ಆರ್ಡರ್ ಬಿಟ್ಟರೆ ಬೇರೆ ಕಾಗದ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಪಾರ್ಟ್ ಟು ಆರ್ಡರ್ ಮುಂದಿಟ್ಟೆ. ಅವರು ಎರಡು ಕಡೆ ತಿರುಗಿಸಿ ನೋಡಿದರು. ‘ಇದು ಸೇನೆಯ ಒಳಗಿನ ಕಾಗದ. ನಮ್ಮ ಪಟ್ಟಿಯಲ್ಲಿ ಇಲ್ಲ’ ಅಂದರು. ಅವರ ಪಟ್ಟಿಯಲ್ಲಿ ನಿಜವಾಗಿಯೂ ಇಲ್ಲ. ನಾನು ಅವರನ್ನು ದೂರುವುದಿಲ್ಲ. ಪಟ್ಟಿ ಮಾಡಿದವರು ನೀವು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅಲ್ಲಿಂದ ಶುರುವಾದದ್ದು ಇನ್ನೂ ಮುಗಿದಿಲ್ಲ. ರಾಯಭಾರ ಕಚೇರಿಯ ಪ್ರಮಾಣಪತ್ರಕ್ಕೆ ಕೇಳಿದರೆ ಆಗಿನ ನೋಂದಣಿ ಇದ್ದರೆ ನಕಲು ಕೊಡಬಹುದು, ಇಷ್ಟು ವರ್ಷದ ಮೇಲೆ ಹೊಸದಾಗಿ ಮಾಡಬೇಕಾದರೆ ದೆಹಲಿಯ ಅನುಮತಿ ಬೇಕು ಅನ್ನುತ್ತಾರೆ. ಊರಿನ ಜನನ ನೋಂದಣಿ ಕಚೇರಿಗೆ ಹೋದರೆ ‘ಇಲ್ಲಿ ಹುಟ್ಟಿಲ್ಲವಲ್ಲ, ನಾವು ಹೇಗೆ ಬರೆಯೋದು’ ಅನ್ನುತ್ತಾರೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಂ ಇದಕ್ಕೆ ದಾರಿ ಮಾಡಿಕೊಟ್ಟಿದೆ ಅಂತ ನಾನು ಓದಿ ತೋರಿಸಿದೆ. ಹೊರದೇಶದಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿ ಇಲ್ಲಿ ನೆಲೆಸಲು ವಾಪಸ್ ಬಂದರೆ ಮಗು ಬಂದ 60 ದಿನದೊಳಗೆ ಇಲ್ಲೇ ನೋಂದಾಯಿಸಬಹುದು. ಆಮೇಲಾದರೆ ತಡವಾದ ನೋಂದಣಿಯ ನಿಯಮದ ಪ್ರಕಾರ, ಮ್ಯಾಜಿಸ್ಟ್ರೇಟರ ಆದೇಶ ಪಡೆದು ಮಾಡಿಸಬಹುದು. ಕಲಂ ಓದಿದವರು ಕೂಡ ‘ಇಂಥ ಕೇಸ್ ನಮ್ಮಲ್ಲಿ ಬಂದಿಲ್ಲ’ ಅಂದು ಫೈಲನ್ನು ಮೇಲಕ್ಕೆ ಕಳಿಸಿದರು. ಅಷ್ಟರಲ್ಲಿ ಒಮಾನಿನ ಕೆಲಸ ಬೇರೆಯವರಿಗೆ ಹೋಯಿತು. ಅದನ್ನು ಅವಳು ನನ್ನ ಮುಂದೆ ಆಡಿ ತೋರಿಸಲಿಲ್ಲ. ತಂದೆಯಾದವನಿಗೆ ಗೊತ್ತಾಗುತ್ತದೆ.

ಈ ಮಧ್ಯೆ ಸುಲಭದ ದಾರಿ ತೋರಿಸಿದವರೂ ಇದ್ದಾರೆ. ‘ಯಾಕ್ ಸಾರ್ ಭೂತಾನ್ ಅಂತ ಬರೀತೀರಿ? ಹಾಸನ ಅಂತ ಬರೀರಿ. ಒಂದು ಅಫಿಡವಿಟ್ ಮಾಡಿಸೋಣ, ಉಳಿದಿದ್ದು ನಾನ್ ನೋಡ್ಕೋತೀನಿ’ ಅಂತ ಒಬ್ಬ ಏಜೆಂಟ್ ಹೇಳಿದ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದು. ಆದರೆ ನಾನು ಒಪ್ಪದಿದ್ದುದು ಜೈಲಿನ ಭಯದಿಂದ ಅಲ್ಲ. ನನ್ನ ಮಗಳು ಹುಟ್ಟಿದ ಜಾಗವನ್ನು ನಾನು ಯಾಕೆ ಮುಚ್ಚಿಡಬೇಕು? ನಾನು ಅಲ್ಲಿ ದೇಶದ ಕೆಲಸಕ್ಕೆ ಹೋಗಿದ್ದೆ. ನಿಜ ಬರೆದವನ ಫೈಲ್ ನಿಂತು, ಸುಳ್ಳು ಬರೆದವನ ಫೈಲ್ ಓಡುವಂಥ ವ್ಯವಸ್ಥೆ ಇದ್ದರೆ ಜನ ಯಾವುದನ್ನು ಬರೆಯುತ್ತಾರೆ? ನನಗೆ ಗೊತ್ತಿರುವ ಹಳೇ ಜೊತೆಗಾರರ ಮನೆಗಳಲ್ಲಿ ಮಕ್ಕಳ ಶಾಲಾ ದಾಖಲೆಗಳಲ್ಲಿ ಹುಟ್ಟಿದ ಊರು ಅಂತ ಅಪ್ಪನ ಹಳ್ಳಿಯ ಹೆಸರೇ ಇದೆ. ಶಾಲೆಯ ಗುಮಾಸ್ತರು ತಾವೇ ಹಾಗೆ ಬರೆದುಕೊಂಡಿರುತ್ತಾರೆ. ಈಗ ಆ ದಾಖಲೆಗೂ ಸೇನೆಯ ದಾಖಲೆಗೂ ತಾಳೆಯಾಗದೆ ಅವರಿಗೆ ಇನ್ನೊಂದು ತಲೆನೋವು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಕೌಂಟರಿನಲ್ಲಿ ಕೇಳುವುದಕ್ಕೂ ಕಾನೂನಿನಲ್ಲಿ ಇರುವುದಕ್ಕೂ ಬಹಳ ದೂರ ಇದೆ.

1955ರ ಪೌರತ್ವ ಕಾಯ್ದೆಯ 4ನೇ ಕಲಂ ನೋಡಿ. 1950ರ ಜನವರಿ 26ರಿಂದ 1992ರ ಡಿಸೆಂಬರ್ 10ರ ಮೊದಲಿನವರೆಗೆ ಭಾರತದ ಹೊರಗೆ ಹುಟ್ಟಿದ ಮಗು, ಹುಟ್ಟುವ ಹೊತ್ತಿಗೆ ತಂದೆ ಭಾರತದ ಪ್ರಜೆಯಾಗಿದ್ದರೆ, ಭಾರತದ ಪ್ರಜೆ. 1992ರ ಡಿಸೆಂಬರ್ 10ರ ನಂತರ ಹುಟ್ಟಿದವರಿಗೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಸಾಕು. (ಅದಕ್ಕೂ ಮೊದಲು ಸೇನೆಯ ನರ್ಸಿಂಗ್ ಸೇವೆಯಲ್ಲಿದ್ದ ತಾಯಂದಿರ ಪೌರತ್ವಕ್ಕೆ ಈ ಕಲಂನಲ್ಲಿ ಬೆಲೆಯೇ ಇರಲಿಲ್ಲ. ಅದು ಬೇರೆಯೇ ಅನ್ಯಾಯ.) ನನ್ನ ಮಗಳು 1981ರವಳು. ನಾನು ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಭಾರತೀಯ. ಅಲ್ಲಿಗೆ ಅವಳ ಪೌರತ್ವದ ಪ್ರಶ್ನೆ ಮುಗಿಯಬೇಕು. ರಾಯಭಾರ ಕಚೇರಿಯಲ್ಲಿ ನೋಂದಣಿ ಆಗಿರಲೇಬೇಕು ಅಂತ ಅವಳಂಥವರಿಗೆ ಕಾನೂನು ಹೇಳಿರಲಿಲ್ಲ.

ನೋಂದಣಿ ಕಡ್ಡಾಯವಾದದ್ದು 2003ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 2004ರ ಡಿಸೆಂಬರ್ 3ರಂದು. ಆಮೇಲೆ ಹೊರಗೆ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನೋಂದಣಿ ಇಲ್ಲದಿದ್ದರೆ ಪೌರತ್ವವೇ ಇಲ್ಲ. 2004ರ ನಂತರದವರಿಗೆ ಮಾಡಿದ ಈ ನಿಯಮವನ್ನು 1981ರಲ್ಲಿ ಹುಟ್ಟಿದವಳ ಮೇಲೆ ಹೇರುತ್ತಿದ್ದಾರೆ. ಅವಳ ಕಾಲದಲ್ಲಿ ಕೇಳದಿದ್ದ ಕಾಗದವನ್ನು ಈಗ ಎಲ್ಲಿಂದ ತರಬೇಕು?

ಇಲ್ಲಿ ಇನ್ನೊಂದು ಮಾತಿದೆ. ಹಳೆಯ ಕಲಂಗೆ ಸರ್ಕಾರಿ ಸೇವೆಯವರು ನೆನಪಿದ್ದರು. ತಂದೆಯೇ ಹೊರದೇಶದಲ್ಲಿ ಹುಟ್ಟಿ, ತಂದೆ ತಾಯಿಯ ಮೂಲಕ ಪ್ರಜೆಯಾದವನಾಗಿದ್ದರೆ, ಅವನ ಮಗು ಹೊರಗೆ ಹುಟ್ಟಿದಾಗ ನೋಂದಣಿ ಬೇಕು ಅಂತ 1955ರಲ್ಲೇ ಇತ್ತು. ಆದರೆ ಒಂದು ವಿನಾಯಿತಿಯೂ ಜೊತೆಗೇ ಇತ್ತು: ಮಗು ಹುಟ್ಟುವಾಗ ತಂದೆ ಭಾರತದ ಸರ್ಕಾರದ ಸೇವೆಯಲ್ಲಿದ್ದರೆ ನೋಂದಣಿ ಬೇಡ. ಕಾನೂನು ಬರೆದವರಿಗೆ ಗೊತ್ತಿತ್ತು, ಸರ್ಕಾರ ಕಳಿಸಿದ ಕಡೆ ಹೋದವನ ಮಗುವನ್ನು ಅನುಮಾನದಿಂದ ನೋಡಬಾರದು ಅಂತ. 2003ರ ತಿದ್ದುಪಡಿ ಮಾಡಿದಾಗ ಹೊಸ ಷರತ್ತಿಗೆ ಈ ವಿನಾಯಿತಿ ಸೇರಿಸಲಿಲ್ಲ. ಬೇಕಂತಲೇ ಬಿಟ್ಟರೋ, ಯಾರೂ ಯೋಚಿಸಲಿಲ್ಲವೋ, ಸೈನಿಕರ ಮಕ್ಕಳು ಮಾತ್ರ ಅದರ ಕೆಳಗೆ ಸಿಕ್ಕಿಬಿದ್ದರು.

‘ಮಿಲಿಟರಿ ಕ್ಯಾಂಪ್ ಅಂದ್ರೆ ಭಾರತದ ನೆಲಾನೇ ಅಲ್ವಾ?’ ಅಂತ ಊರಿನಲ್ಲಿ ಜಾಸ್ತಿ ಜನ ಕೇಳುತ್ತಾರೆ. ಅಲ್ಲ. ಬೇರೆ ದೇಶದಲ್ಲಿರುವ ನಮ್ಮ ಕ್ಯಾಂಪು, ಆಸ್ಪತ್ರೆ, ರಾಯಭಾರ ಕಚೇರಿ ಯಾವುದೂ ಪೌರತ್ವದ ಲೆಕ್ಕಕ್ಕೆ ಭಾರತದ ನೆಲ ಆಗುವುದಿಲ್ಲ. ಅಮೆರಿಕದಲ್ಲೂ ಹೀಗೆಯೇ. ಜರ್ಮನಿಯ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಸೈನಿಕನ ಮಗನಾಗಿ ಹುಟ್ಟಿದವನೊಬ್ಬನ ಕೇಸಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಇದನ್ನೇ ಹೇಳಿತು. ಸೇನಾ ನೆಲೆಯಲ್ಲಿ ಹುಟ್ಟಿದ್ದು ಅಮೆರಿಕದಲ್ಲಿ ಹುಟ್ಟಿದ ಹಾಗಲ್ಲ ಅಂದಿತು. ಅವನ ತಂದೆ ಪ್ರಜೆಯಾಗಿದ್ದರೂ ಮಗ ಹುಟ್ಟುವ ಮೊದಲು ಅಮೆರಿಕದಲ್ಲಿ ಸಾಕಷ್ಟು ವರ್ಷ ವಾಸ ಮಾಡಿರಲಿಲ್ಲ ಅನ್ನುವ ಲೆಕ್ಕ ಬಂತು. ಕೊನೆಗೆ ಅವನನ್ನು ಜಮೈಕಾಗೆ ಗಡೀಪಾರು ಮಾಡಿದರು. ಅವನು ಒಮ್ಮೆಯೂ ಕಾಲಿಡದ ದೇಶ ಅದು. ಸೇನೆಯ ಆಸ್ಪತ್ರೆಯಲ್ಲಿ, ಸೈನಿಕನ ಮಗನಾಗಿ ಹುಟ್ಟಿದವನು ಯಾವ ದೇಶಕ್ಕೂ ಸೇರದವನಾದ.

ನೆಲ ನಮ್ಮದಲ್ಲ, ಒಪ್ಪುತ್ತೇನೆ. ಆದರೆ ನಮ್ಮದೇ ಇನ್ನೊಂದು ಕಾನೂನು ಸೈನಿಕನನ್ನು ಹೇಗೆ ನೋಡುತ್ತದೆ ಅನ್ನುವುದನ್ನೂ ನೋಡಿ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಪ್ರಕಾರ ಸೇವೆಯಲ್ಲಿರುವ ಸೈನಿಕ ಎಲ್ಲೇ ಇರಲಿ, ಸೇವೆಯಲ್ಲಿ ಇಲ್ಲದಿದ್ದರೆ ಯಾವ ಕ್ಷೇತ್ರದಲ್ಲಿ ವಾಸಿಸುತ್ತಿದ್ದನೋ ಆ ಕ್ಷೇತ್ರದಲ್ಲೇ ವಾಸವಾಗಿದ್ದಾನೆ ಅಂತ ಭಾವಿಸಬೇಕು. ಅವನ ಜೊತೆಗಿರುವ ಹೆಂಡತಿಗೂ ಹಾಗೆಯೇ. 2021ರ ತಿದ್ದುಪಡಿಯ ನಂತರ ಮಹಿಳಾ ಸೈನಿಕರ ಗಂಡಂದಿರಿಗೂ. ಅಂದರೆ 1981ರಲ್ಲಿ ನಾನೂ ನನ್ನ ಹೆಂಡತಿಯೂ ಹಾ ಕಣಿವೆಯಲ್ಲಿ ಇದ್ದಾಗ, ಮತದ ಮಟ್ಟಿಗೆ ಕಾನೂನಿನ ಕಣ್ಣಿಗೆ ನಾವು ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲೇ ಇದ್ದೆವು. ತಂದೆ ತಾಯಿ ಇಬ್ಬರೂ ಹಳ್ಳಿಯಲ್ಲಿ, ಅವರ ಮಗು ಮಾತ್ರ ಪರದೇಶದಲ್ಲಿ! ಇದಕ್ಕಿಂತ ದೊಡ್ಡ ವಿಚಿತ್ರ ನನಗೆ ಗೊತ್ತಿಲ್ಲ. ಅಪ್ಪ ಅಮ್ಮನಿಗೆ ಕೊಟ್ಟ ಮರ್ಯಾದೆಯನ್ನು ಮಗುವಿಗೂ ಕೊಡುವುದಕ್ಕೆ ಏನು ಅಡ್ಡಿ?

ಬ್ರಿಟನ್ನಿನಲ್ಲಿ ಹಾಗೆ ಕೊಟ್ಟಿದ್ದಾರೆ. ಅವರ 1981ರ ರಾಷ್ಟ್ರೀಯತೆ ಕಾಯ್ದೆಯಲ್ಲಿ ಸೇನೆಯೂ ಸೇರಿದಂತೆ ಸರ್ಕಾರದ ಸೇವೆಯ ಮೇಲೆ ಹೊರಗೆ ಹೋದ ಪ್ರಜೆಗಳ ಮಕ್ಕಳಿಗೆ, ದೇಶದೊಳಗೆ ಹುಟ್ಟಿದವರಿಗೆ ಸಮನಾದ ಪೌರತ್ವ ಇದೆ. ಅಮೆರಿಕದಲ್ಲಿ 2019ರ ಆಗಸ್ಟಿನಲ್ಲಿ ವಲಸೆ ಇಲಾಖೆ ಹೊರದೇಶದಲ್ಲಿರುವ ಸೈನಿಕರ ಕೆಲವು ಮಕ್ಕಳನ್ನು ಇನ್ನು ಮೇಲೆ ‘ಅಮೆರಿಕದಲ್ಲಿ ವಾಸಿಸುವವರು’ ಅಂತ ಎಣಿಸುವುದಿಲ್ಲ ಅಂದಿತು. ಸೈನಿಕರ ಕುಟುಂಬಗಳು ಗಲಾಟೆ ಮಾಡಿದವು. 2020ರ ಮಾರ್ಚ್ ಹೊತ್ತಿಗೆ ಅದನ್ನು ಸರಿಪಡಿಸುವ ಕಾನೂನೇ ಬಂತು. ಮನಸ್ಸಿದ್ದರೆ ಆಗುತ್ತದೆ.

ಒಬ್ಬಳ ಪಾಸ್‌ಪೋರ್ಟ್ ವಿಷಯಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ನನ್ನ ಮೊಮ್ಮಗನ ವಿಷಯ ಹೇಳುತ್ತೇನೆ. ಅವನು ಹುಟ್ಟಿದ್ದು 2008ರಲ್ಲಿ, ಹಾಸನದಲ್ಲೇ. ಆದರೆ 2004ರ ಡಿಸೆಂಬರ್ 3ರ ನಂತರ ಭಾರತದಲ್ಲಿ ಹುಟ್ಟಿದರಷ್ಟೇ ಸಾಲದು. ತಂದೆ ತಾಯಿ ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಅವನ ಪೌರತ್ವದ ಒಂದು ಕಾಲು ನಿಂತಿರುವುದು ಅವನ ಅಮ್ಮನ ಕಾಗದದ ಮೇಲೆ. ಅಮ್ಮನ ಮೇಲೆ ಅನುಮಾನ ಬಂದರೆ ಮಗನಿಗೂ ಅಂಟುತ್ತದೆ. ಅವನು ಈಗ ಕಾಲೇಜು ಸೇರುವ ಹುಡುಗ. ಸೇನೆಗೆ ಸೇರಬೇಕು ಅನ್ನುತ್ತಾನೆ. ಅಲ್ಲೂ ರಾಷ್ಟ್ರೀಯತೆಯ ಪ್ರಮಾಣಪತ್ರ ಕೇಳುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮತದಾರರ ಪಟ್ಟಿಯ ವಿಷಯವೂ ಇದೆ. 2025ರ ಜೂನ್ 24ರ ಆದೇಶದಿಂದ ಬಿಹಾರದಲ್ಲಿ ಶುರುವಾಗಿ ಮುಂದೆ ಬೇರೆ ರಾಜ್ಯಗಳಿಗೂ ಹೋದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ದಾಖಲೆಗಳ ಸೂಚನೆ ಓದಿದೆ. ಭಾರತದ ಹೊರಗೆ ಹುಟ್ಟಿದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಕೊಟ್ಟ ಜನನ ನೋಂದಣಿಯ ಪುರಾವೆ ಲಗತ್ತಿಸಬೇಕು ಅಂತ ಅದರಲ್ಲಿದೆ. 2004ಕ್ಕಿಂತ ಮೊದಲು ಹುಟ್ಟಿದವರಿಗೆ ಬೇರೆ, ಆಮೇಲಿನವರಿಗೆ ಬೇರೆ ಅನ್ನುವ ವ್ಯತ್ಯಾಸ ಅಲ್ಲಿ ಇಲ್ಲ. ನನ್ನ ಮಗಳು ಹದಿನೆಂಟು ತುಂಬಿದಾಗಿನಿಂದ ಮತ ಹಾಕಿದ್ದಾಳೆ.

ವಯಸ್ಸಾದವರ ಗತಿ ಇನ್ನೂ ಕಷ್ಟ. ಥಿಂಪುವಿನಲ್ಲಿ ಭಾರತದ ಪ್ರತಿನಿಧಿ ಕಚೇರಿ ತೆರೆದದ್ದೇ 1968ರಲ್ಲಿ. ಅದಕ್ಕೂ ಮೊದಲು ಭೂತಾನಿನ ವ್ಯವಹಾರ ನೋಡುತ್ತಿದ್ದವರು ಸಿಕ್ಕಿಂನ ಗ್ಯಾಂಗ್ಟಕ್‌ನಲ್ಲಿ ಕೂತಿದ್ದ ಭಾರತ ಸರ್ಕಾರದ ಪೊಲಿಟಿಕಲ್ ಆಫೀಸರ್. 1962ರಿಂದ ಇಮ್‌ಟ್ರಾಟ್ ಅಲ್ಲಿದೆ. ಅದಕ್ಕಿಂತ ಒಂದು ವರ್ಷ ಮೊದಲೇ, 1961ರಲ್ಲಿ, ರಸ್ತೆ ಕಟ್ಟಲು ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ ಶುರುವಾಗಿತ್ತು. ಆ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮಗುವಿಗೆ ‘ಭೂತಾನಿನ ಭಾರತೀಯ ರಾಯಭಾರ ಕಚೇರಿಯ ಪ್ರಮಾಣಪತ್ರ’ ತನ್ನಿ ಅಂದರೆ, ಆಗ ಆ ಕಚೇರಿಯೇ ಇರಲಿಲ್ಲ ಅಂತ ಕೇಳುವವರಿಗೆ ಯಾರು ಹೇಳಬೇಕು?

ಭೂತಾನಿನವರು ಈ ಮಕ್ಕಳನ್ನು ತಮ್ಮವರು ಅನ್ನುವುದಿಲ್ಲ, ಅನ್ನಬೇಕಾಗಿಯೂ ಇಲ್ಲ. ಅವರ 1985ರ ಕಾನೂನಿನ ಪ್ರಕಾರ ಹುಟ್ಟಿನಿಂದ ಪ್ರಜೆಯಾಗಲು ತಂದೆ ತಾಯಿ ಇಬ್ಬರೂ ಭೂತಾನಿಗಳಾಗಿರಬೇಕು. ಅದಕ್ಕೂ ಮೊದಲು ತಂದೆ ಭೂತಾನಿನವನಾಗಿರಬೇಕಿತ್ತು. ಹಾಗಾಗಿ ಭಾರತ ಒಪ್ಪದಿದ್ದರೆ ನನ್ನ ಮಗಳನ್ನು ಒಪ್ಪುವ ದೇಶ ಈ ಭೂಮಿಯ ಮೇಲೆ ಇಲ್ಲ.

ಅನುಮಾನ ಎಲ್ಲಿಯವರೆಗೆ ಹೋಗಬಹುದು ಅನ್ನುವುದು ಅಸ್ಸಾಮಿನಲ್ಲಿ ಕಂಡಿತು. 2019ರ ಮೇ ತಿಂಗಳಲ್ಲಿ, ಸುಮಾರು 30 ವರ್ಷ ಸೇನೆಯಲ್ಲಿದ್ದು ನಿವೃತ್ತರಾದ ಒಬ್ಬರನ್ನು ವಿದೇಶಿ ಅಂತ ಅಲ್ಲಿನ ವಿದೇಶಿಯರ ಟ್ರಿಬ್ಯೂನಲ್ ಘೋಷಿಸಿ, ಅವರನ್ನು ಬಂಧನ ಕೇಂದ್ರಕ್ಕೆ ಹಾಕಿದರು. ಗುವಾಹಟಿ ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಗೆ ಬಂದರು. ನಾನು ಹಾಕಿದ್ದ ಸಮವಸ್ತ್ರವನ್ನೇ ಹಾಕಿದ್ದವರು ಅವರು. ಆ ಸುದ್ದಿ ಓದಿದ ದಿನ ನಮ್ಮ ಮಾಜಿ ಸೈನಿಕರ ಸಂಘದ ಸಭೆಯಲ್ಲಿ ಯಾರಿಗೂ ಬೇರೆ ಮಾತೇ ಬರಲಿಲ್ಲ. ಪ್ರಜೆ ಅನ್ನುವುದನ್ನು ಸಾಬೀತು ಮಾಡುವ ಹೊಣೆ ಸರ್ಕಾರದ ಮೇಲಲ್ಲ, ಆ ವ್ಯಕ್ತಿಯ ಮೇಲೆಯೇ ಇದೆ. ಹಾಗಿರುವಾಗ ಅವನ ಕೈಯಲ್ಲಿರುವ ಸರ್ಕಾರದ್ದೇ ಕಾಗದವನ್ನು ಬೇಡ ಅಂದರೆ ಅವನು ಇನ್ನೇನು ತರಬೇಕು?

ಮುಂದೆ ಇದು ಇನ್ನೂ ಬಿಗಿಯಾಗುತ್ತದೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಹುಟ್ಟಿದವರಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ದಾಖಲೆ. ಈಗ ಭೂತಾನಿನಲ್ಲೋ, ಯಾವುದೋ ದೇಶದ ರಾಯಭಾರ ಕಚೇರಿಯ ರಕ್ಷಣಾ ವಿಭಾಗದಲ್ಲೋ ಇರುವ ನಮ್ಮ ಹುಡುಗರು ಮಗು ಹುಟ್ಟಿದ ಖುಷಿಯಲ್ಲಿ ಒಂದು ವರ್ಷದ ಗಡುವು ತಪ್ಪಿಸಿಕೊಂಡರೆ, ಆ ಮಗುವಿಗೆ ಜೀವನಪೂರ್ತಿ ಪರದಾಟ.

ಪರಿಹಾರಕ್ಕೆ ಹೊಸ ಕಾನೂನು ಬೇಕೇ ಬೇಕು ಅಂತ ಏನಿಲ್ಲ. ಬಂದರೆ ಒಳ್ಳೆಯದು. 4ನೇ ಕಲಂಗೆ ಸರ್ಕಾರಿ ಸೇವೆಯ ವಿನಾಯಿತಿಯನ್ನು ಮತ್ತೆ ಸೇರಿಸಿ. ಆದರೆ ಅದಕ್ಕೆ ಕಾಯುವ ಅಗತ್ಯ ಇಲ್ಲ. ಪೌರತ್ವ ಕಾಯ್ದೆಯ 13ನೇ ಕಲಂ ಈಗಾಗಲೇ ನಿಮ್ಮ ಕೈಯಲ್ಲಿದೆ. ಯಾರದ್ದಾದರೂ ಪೌರತ್ವದ ಬಗ್ಗೆ ಅನುಮಾನ ಇದ್ದರೆ, ಅವರು ಭಾರತದ ಪ್ರಜೆ ಅಂತ ಕೇಂದ್ರ ಸರ್ಕಾರ ಪ್ರಮಾಣಪತ್ರ ಕೊಡಬಹುದು ಅನ್ನುತ್ತದೆ ಅದು. ಮೋಸದಿಂದ ಪಡೆದದ್ದು ಅಂತ ಸಾಬೀತಾಗದ ಹೊರತು ಆ ಪ್ರಮಾಣಪತ್ರವೇ ಅಂತಿಮ ಪುರಾವೆ. ಸೇವೆಯಲ್ಲಿದ್ದವರ, ಹೊರಗೆ ಹುಟ್ಟಿದ ಮಕ್ಕಳಿಗೆ ಈ ಕಲಂ ಬಳಸಿ. ಅರ್ಜಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ತೆಗೆದುಕೊಳ್ಳಲಿ. ಅವರು ರೆಕಾರ್ಡ್ಸ್‌ನಿಂದ ಪಾರ್ಟ್ ಟು ಆರ್ಡರ್ ತಾವೇ ತರಿಸಿಕೊಳ್ಳಲಿ. ಸೈನಿಕನ ವಿಧವೆ ಎಂಬತ್ತರ ವಯಸ್ಸಿನಲ್ಲಿ ಜೆರಾಕ್ಸ್ ಹಿಡಿದು ಬಸ್ ಹತ್ತಬಾರದು. ಇಷ್ಟು ದಿನದಲ್ಲಿ ಮುಗಿಸಬೇಕು ಅಂತ ಗಡುವೂ ಇರಲಿ, ಇಲ್ಲದಿದ್ದರೆ ಫೈಲ್ ಮಲಗಿಬಿಡುತ್ತದೆ.

ವಿದೇಶಾಂಗ ಸಚಿವಾಲಯದವರು ಪಾಸ್‌ಪೋರ್ಟ್ ಕೌಂಟರಿನ ಆ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು: 2004ರ ಡಿಸೆಂಬರ್ 3ಕ್ಕಿಂತ ಮೊದಲು ಹೊರಗೆ ಹುಟ್ಟಿದ, ಸೇವೆಯಲ್ಲಿದ್ದವರ ಮಕ್ಕಳಿಗೆ ರೆಕಾರ್ಡ್ಸ್ ಆಫೀಸ್ ದೃಢೀಕರಿಸಿದ ಪಾರ್ಟ್ ಟು ಆರ್ಡರ್ ಮತ್ತು ತಂದೆ ಅಥವಾ ತಾಯಿಯ ಸೇವಾ ದಾಖಲೆಯನ್ನು ಒಪ್ಪತಕ್ಕದ್ದು. ಚುನಾವಣಾ ಆಯೋಗದವರಿಗೂ ಗೃಹ ಸಚಿವಾಲಯ ಇದನ್ನೇ ಬರೆದು ತಿಳಿಸಲಿ.

2004ರ ನಂತರದ ಮಕ್ಕಳ ಹೊಣೆಯನ್ನು ರಕ್ಷಣಾ ಸಚಿವಾಲಯ ಹೊರಬೇಕು. ಮಗು ಹುಟ್ಟಿದಾಗ ಪಾರ್ಟ್ ಟು ಆರ್ಡರ್ ಹೊರಡಿಸುವುದು ಹೇಗೆ ಯೂನಿಟ್ಟಿನ ಕೆಲಸವೋ, ದೂತಾವಾಸದಲ್ಲಿ ನೋಂದಣಿ ಮಾಡಿಸುವುದೂ ಹಾಗೆಯೇ ಯೂನಿಟ್ಟಿನ ಕೆಲಸ ಆಗಲಿ. ಹೆಡ್ ಕ್ಲರ್ಕ್ ಮೇಜಿನ ಮೇಲೆ ಎರಡೂ ಫಾರಂ ಒಟ್ಟಿಗೇ ಇರಲಿ. ಈಗಾಗಲೇ ಗಡುವು ತಪ್ಪಿದವರಿಗೆ ತಡವಾದ ನೋಂದಣಿಯ ಅನುಮತಿಯನ್ನು ಒಬ್ಬೊಬ್ಬರನ್ನೂ ಅಲೆಸದೆ ಒಂದೇ ಸಾಮಾನ್ಯ ಆದೇಶದಲ್ಲಿ ಕೊಡಿ.

ಇದನ್ನು ಓದುವ ಮಾಜಿ ಸೈನಿಕರಿಗೂ ಒಂದು ಮಾತು. ನಿಮ್ಮ ಮಕ್ಕಳಲ್ಲಿ ಯಾರಾದರೂ ಹೊರಗೆ ಹುಟ್ಟಿದ್ದರೆ ಇವತ್ತೇ ರೆಕಾರ್ಡ್ಸ್‌ಗೆ ಬರೆದು ಪಾರ್ಟ್ ಟು ಆರ್ಡರಿನ ದೃಢೀಕೃತ ನಕಲು ತರಿಸಿಕೊಳ್ಳಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವ ಹೆಸರು, ಸ್ಪೆಲ್ಲಿಂಗ್, ಹುಟ್ಟಿದ ತಾರೀಕು ಶಾಲೆಯ ದಾಖಲೆಗೆ ತಾಳೆ ಆಗುತ್ತದಾ ನೋಡಿ. ತಾಳೆ ಆಗದಿದ್ದರೆ ನೀವು ಬದುಕಿರುವಾಗಲೇ ಸರಿ ಮಾಡಿಸಿ. ನಾವು ಹೋದ ಮೇಲೆ ಮಕ್ಕಳಿಗೆ ಇದು ಇನ್ನೂ ಕಷ್ಟ.

ಮಾನ್ಯರೇ, ನನ್ನ ಮಗಳ ಅರ್ಜಿ ಇನ್ನೂ ಬಾಕಿ ಇದೆ. 13ನೇ ಕಲಂ ಕೆಳಗೆ ಪ್ರಮಾಣಪತ್ರ ಕೊಡಿ ಅಂತ ಬೇರೆ ಮನವಿಯನ್ನೂ ಕಳಿಸುತ್ತಿದ್ದೇನೆ. ಫೈಲ್ ಸಂಖ್ಯೆ, ಪಾರ್ಟ್ ಟು ಆರ್ಡರಿನ ನಕಲು, ಡಿಸ್ಚಾರ್ಜ್ ಬುಕ್ಕಿನ ಪುಟ, ನನ್ನ ಜನನ ದಾಖಲೆ ಎಲ್ಲವೂ ಅದರ ಜೊತೆಗಿವೆ. ಕೊಡುತ್ತೀರಿ ಅಂತಾದರೆ ಯಾವಾಗ ಅಂತ ತಿಳಿಸಿ. ಕೊಡುವುದಿಲ್ಲ ಅಂತಾದರೆ ಯಾವ ಕಲಂ ಪ್ರಕಾರ ಅಂತ ಲಿಖಿತವಾಗಿ ತಿಳಿಸಿ. ಎರಡರಲ್ಲಿ ಯಾವುದೇ ಆದರೂ ನಾನು ಮುಂದಿನ ಹೆಜ್ಜೆ ಇಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸುಬೇದಾರ್
ಹಾಸನ ಜಿಲ್ಲೆ